ಕೋಲಾರ ಸೀಮೆಯ ಬೆಟ್ಟಗಾಡು



ಭೂಪಟದ ಶಿರೋಭಾಗದಲ್ಲಿ, ಜನವಸತಿ ವಿರಳವಾಗುತ್ತ ಬಂದು ಕಡೆಗೆ ಹಿಮವೂ ಶಿಲೆಯೂ ಮಾತ್ರ ಉಳಿಯುವ ಉತ್ತರದ ದೇಶಗಳಲ್ಲಿ, ಕಳೆದ ನೂರಕ್ಕೂ ಮಿಕ್ಕ ವರ್ಷಗಳಿಂದ ಶ್ಲಾಘ್ಯವಾದ ಒಂದು ಪದ್ಧತಿ ಬೆಳೆದುಬಂದಿದೆ. ಅದಾವುದೆಂದರೆ, ನೇಗಿಲಾಗಲಿ ಕೊಡಲಿಯಾಗಲಿ ಮುಟ್ಟದ ವಿಶಾಲ ಭೂಭಾಗಗಳನ್ನು ರಾಜ್ಯವೇ ಗುರುತಿಸಿ, ಎಲ್ಲೆ ಕಟ್ಟಿ, ಮುಂದಿನ ತಲೆಮಾರುಗಳ ಸೊತ್ತೆಂದು ಕಾಪಿಡುವುದು. ಸ್ವೀಡನ್ ದೇಶವು 1909ರಲ್ಲಿ ತನ್ನ ಉತ್ತರದ ಸಾರೆಕ್ ಪರ್ವತಪ್ರದೇಶವನ್ನೂ ಅದರೊಡನೆ ಬೇರೆ ಎಂಟು ತಾಣಗಳನ್ನೂ ರಾಷ್ಟ್ರೀಯ ಉದ್ಯಾನಗಳೆಂದು ಸಾರಿ ಯೂರೋಪಿಗೆಲ್ಲ ಮೇಲ್ಪಂಕ್ತಿಯಾಯಿತು. ಗ್ರೀನ್‌ಲೆಂಡಿನ ಈಶಾನ್ಯ ಭಾಗದಲ್ಲಿ 1974ರಲ್ಲಿ ಸ್ಥಾಪಿತವಾಗಿ 1988ರಲ್ಲಿ ವಿಸ್ತರಿಸಲ್ಪಟ್ಟ ಉದ್ಯಾನವಂತೂ 9,72,000 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿದೆ. ನಮ್ಮ ಕರ್ನಾಟಕದಂಥ ಐದು ರಾಜ್ಯಗಳನ್ನು ಅದರೊಳಗೆ ಇಟ್ಟರೂ ಇನ್ನಷ್ಟು ಎಡೆ ಮಿಕ್ಕೀತು.

ಇಂಥ ವೃತ್ತಾಂತಗಳನ್ನು ಓದಿದಾಗ ನಮ್ಮ ಮನಸ್ಸು ಸಹಜವಾಗಿಯೇ ವಿಸ್ತಾರಕ್ಕೆ ಮಾರುಹೋಗುತ್ತದೆ. ಕಾಪಿಡಬೇಕಾದ ಕಾಡೆಂದರೆ ದಿಗಂತದವರೆಗೆ ಹಬ್ಬಿರಬೇಕು, ಮನುಷ್ಯನ ಸುಳಿವಿರಬಾರದು, ಹುಲಿಯೋ ಆನೆಯೋ ಅಲ್ಲಿ ಸಂಚರಿಸುತ್ತಿರಬೇಕು ಎಂಬ ಭಾವನೆ ನೆಲೆಗೊಳ್ಳುತ್ತದೆ. ಆ ಅಳತೆಗೋಲನ್ನು ಹಿಡಿದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ತಿರುಗಿದವನಿಗೆ ಇಲ್ಲಿ ಕಾಪಿಡತಕ್ಕದ್ದೇನೂ ಇಲ್ಲವೆಂದೇ ತೋರೀತು. ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರುಗಳ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ವೇಳೆಗೇ ಹದಿನೈದು ಲಕ್ಷಕ್ಕೆ ಮೀರಿದ ಜನ ಬಾಳುತ್ತಿದ್ದರು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಗಗನಚುಂಬಿಯಾದ ಮರಗಳ ಘೋರಾರಣ್ಯವಿಲ್ಲ. ಆದಾಗ್ಯೂ, ಈ ನಾಡಿನ ಬೋಳು ಬೆಟ್ಟಗಳೂ ಅವುಗಳ ಮಗ್ಗುಲಿನ ಕುರುಚಲು ಕಾಡುಗಳೂ ಜಗತ್ತಿನ ಯಾವ ಮಹಾವನಕ್ಕೂ ಕಡಮೆಯಲ್ಲದ ರಕ್ಷಣೆಗೆ ಅರ್ಹವಾದುವೆಂದೂ, ಅವು ಅಲ್ಪವಾಗಿ ಉಳಿದಿರುವುದೇ ಅವುಗಳನ್ನು ಹೆಚ್ಚು ಎಚ್ಚರದಿಂದ ಕಾಯಲು ಕಾರಣವಾಗಬೇಕೆಂದೂ ನಿಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದು ನನ್ನ ಇಂದಿನ ಭಾಷಣದ ಉದ್ದೇಶ.

ಮೊದಲಿಗೆ ನೆಲದ ಸ್ವರೂಪವನ್ನು ಕಿಂಚಿತ್ ವಿವರಿಸುತ್ತೇನೆ. ಮೈಸೂರಿನ ಎತ್ತರದ ಪ್ರಸ್ಥಭೂಮಿಯು ಪೂರ್ವದಲ್ಲಿ ಮುಗಿದು, ತೆಲುಗು ನಾಡಿನ ಮತ್ತು ತಮಿಳು ನಾಡಿನ ತಗ್ಗುಗಳಿಗೆ ಇಳಿಯಲು ಅಣಿಯಾಗುವ ಅಂಚಿನಲ್ಲಿ ಈ ಸೀಮೆ ಇದೆ. ಕೋಲಾರ ಪಟ್ಟಣವು ಸಮುದ್ರಮಟ್ಟದಿಂದ ಎಂಟುನೂರು ಮೀಟರುಗಳಿಗೂ ಹೆಚ್ಚಿನ ಎತ್ತರದಲ್ಲಿ, ಶತಶೃಂಗ ಪರ್ವತದ ಬುಡದಲ್ಲಿ ನೆಲಸಿದೆ. ಅಲ್ಲಿಂದ ಮೂಡಲಿಗೆ ಹೊರಟರೆ ಮುಳಬಾಗಿಲಿನ ಗುಂಡುಬಂಡೆಗಳ ಬೆಟ್ಟ, ನೊಳಂಬರ ಕಾಲದ ದೇವಾಲಯಗಳಿಂದ ಖ್ಯಾತವಾದ ಆವಣಿಯ ಬೆಟ್ಟ, ಕುರುಡುಮಲೆ, ಅನಂತರ ನಂಗಲಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವದ ಎಲ್ಲೆಯೆಂದು ಹೆಸರಿಸುವುದು ಈ ನಂಗಲಿಯ ಘಟ್ಟವನ್ನೇ. ಒಂಬತ್ತು ಶತಮಾನಗಳ ಹಿಂದೆ ಗಡಿಯಾಗಿದ್ದ ನೆಲ ಇಂದಿಗೂ ಗಡಿಯಾಗಿಯೇ ಇದೆ. ಉತ್ತರಕ್ಕೆ ತಿರುಗಿದರೆ ಶ್ರೀನಿವಾಸಪುರದ ಮಾವಿನ ತೋಪುಗಳನ್ನು ದಾಟಿ ರಾಯಲ್ಪಾಡು ಹೋಬಳಿ ಸಿಗುತ್ತದೆ. ಜಿಲ್ಲೆಯ ಬೇರೆಡೆಗಳಲ್ಲಿ ಊರಿಗೆ ಊರು ತಾಗಿಕೊಂಡಂತಿದ್ದರೆ, ಇಲ್ಲಿ ಗುಡ್ಡಸಾಲುಗಳು ಒತ್ತೊತ್ತಾಗಿ, ಹಳ್ಳಿಗಳು ದೂರದೂರವಾಗಿ, ಮದನಪಲ್ಲಿಯ ಕಡೆಯ ಬೆಟ್ಟಗಳೊಡನೆ ಬೆರೆತುಹೋಗುತ್ತವೆ. ನಮ್ಮ ಜಿಲ್ಲೆಗೆ ಉತ್ತರದ ನಿರ್ಜನ ಸೀಮೆಯೊಂದು ಉಂಟೆಂದರೆ ಅದು ಇದೇ.

ಈ ನೆಲದ ಮೂಲದ್ರವ್ಯ ಶಿಲೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದ ತಾಪದಿಂದ ಕರಗಿ ಘನೀಭವಿಸಿದ ಕಣಶಿಲೆಗಳು, ಮೇಲಿನ ಪದರಗಳೆಲ್ಲ ಮಳೆಗಾಳಿಗೆ ಸವೆದುಹೋದ ಮೇಲೆ, ಗೋಳಾಕಾರದ ಬಂಡೆಗಳಾಗಿ ತಲೆ ಎತ್ತಿ ನಿಂತಿವೆ. ಅವುಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು ಎಂಬತ್ತು ಕಿಲೋಮೀಟರು ಹರಿದಿರುವ, ಇನ್ನೂ ಪುರಾತನವಾದ ಶಿಲಾಪಟ್ಟಿಯಲ್ಲಿ ಚಿನ್ನ ದೊರೆಯಿತು. ಆ ಚಿನ್ನವನ್ನು ಅರಸಿ ಮನುಷ್ಯನು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕಥೆಯನ್ನೂ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಕಥೆಯನ್ನೂ ನೀವು ಬಲ್ಲಿರಿ. ಚಿನ್ನದ ಖ್ಯಾತಿಯ ಮರೆಯಲ್ಲಿ ಈ ಶಿಲೆಗಳ ಇನ್ನೊಂದು ಕಾಯಕ ನಮ್ಮ ಕಣ್ಣಿಗೆ ಬೀಳದೆ ಹೋಯಿತು. ಅದು ನೀರನ್ನು ಹಿಡಿಯುವ, ತಡೆಯುವ, ತಡೆದು ಕೊಡುವ ಕಾಯಕ.

ಅದು ಹೇಗೆಂಬುದನ್ನು ಒಂದು ಬೆಟ್ಟದ ಮೇಲೆ ನಿಂತು ನೋಡೋಣ. ಆಶ್ವಯುಜದ ಒಂದು ಸಂಜೆ ಹಿಂಗಾರು ಮಳೆ ಸುರಿಯುತ್ತಿದೆಯೆನ್ನಿ. ಬೋಳುಬಂಡೆಯ ನೆತ್ತಿಯ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ. ಥಳಥಳಿಸುವ ತೆಳ್ಳನೆಯ ಪೊರೆಯಂತಾಗಿ ಜಾರುತ್ತದೆ. ಅದರಲ್ಲಿ ಕೊಂಚ ಭಾಗ ಬಂಡೆಯ ತಗ್ಗುಗಳಾದ ದೊಣೆಗಳಲ್ಲಿ ತುಂಬಿ ಹಕ್ಕಿಗೂ ಕುರಿಮರಿಗೂ ಕುಡಿಯುವ ನೀರಾಗುತ್ತದೆ. ಉಳಿದುದು ಬಂಡೆ ಮುಗಿದು ಮಣ್ಣು ತೊಡಗುವ ಅಂಚಿಗೆ ಬರುತ್ತದೆ. ಆ ಅಂಚಿನಲ್ಲಿ ಬಾದೆ ಹುಲ್ಲು ಬುಡಬುಡವಾಗಿ ಬೇರು ಹೆಣೆದುಕೊಂಡಿರುತ್ತದೆ; ಬಂದರೆ ಗಿಡ, ಕಾರೆಯ ಮುಳ್ಳುಪೊದೆ, ಸೀತಾಫಲ, ಕಗ್ಗಲಿ, ದಿಂಡಿಗಗಳು ಕಲ್ಲಿನ ಸಂದುಗಳಲ್ಲಿ ಕಾಲೂರಿ ನಿಂತಿರುತ್ತವೆ. ರಭಸದಿಂದ ಬಂದ ನೀರು ಹುಲ್ಲಿನ ಬುಡಗಳಿಗೆ ತಾಕಿ ವೇಗ ಕಳೆದುಕೊಳ್ಳುತ್ತದೆ, ಉದುರೆಲೆಯ ಹಾಸಿನ ಕೆಳಗೆ ನುಸುಳುತ್ತದೆ, ಬೇರಿನ ಜಾಡು ಹಿಡಿದು ಬಿರುಕುಗಳೊಳಕ್ಕೆ ಇಳಿಯುತ್ತದೆ. ಹೀಗೆ ಇಳಿದ ನೀರೇ ತಿಂಗಳುಗಳ ಮೇಲೆ ಬೆಟ್ಟದ ಬುಡದಲ್ಲಿ ಜಿನುಗಿ ಕುಂಟೆಯನ್ನು ತುಂಬಿ, ಕುಂಟೆಯಿಂದ ಹಳ್ಳವಾಗಿ ಕೆರೆಯನ್ನು ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹರಿಯುತ್ತದೆ. ಕೋಲಾರದ ಸಮೀಪ ಅಂತರಗಂಗೆಯಲ್ಲಿ, ಕಾಶೀವಿಶ್ವೇಶ್ವರನ ಸನ್ನಿಧಿಯಲ್ಲಿ, ಕಲ್ಲುಬಸವನ ಬಾಯಿಂದ ಬೇಸಗೆಯಲ್ಲಿಯೂ ಸುರಿಯುವ ಧಾರೆಯನ್ನು ತೀರ್ಥವೆಂದು ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುವ ನಾವು, ಆ ಧಾರೆಯ ಹಿಂದೆ ಶತಶೃಂಗದ ಹುಲ್ಲೂ ಪೊದೆಯೂ ಬಿರುಕುಬಂಡೆಗಳೂ ಕೂಡಿ ನಡೆಸುವ ಈ ದೀರ್ಘವಾದ ಶ್ರಮವನ್ನೂ ಸ್ಮರಿಸತಕ್ಕದ್ದು.

ಅವಿಭಕ್ತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವೆಂಬುದು ಲೋಕವಿದಿತ. ವರ್ಷಕ್ಕೆ 700 ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು ಮಳೆಯಾಗುವ ನಾಡಿನಲ್ಲಿ ಇಷ್ಟೊಂದು ಕೆರೆಗಳನ್ನು ಕಟ್ಟಿದ ನಮ್ಮ ಪೂರ್ವಿಕರು, ಪ್ರತಿ ಕೆರೆಗೂ ಒಂದು ಬೆಟ್ಟವೋ ಗುಡ್ಡವೋ ನೀರು ಕೊಡುವ ಮೂಲವಾಗಿ ಇರಬೇಕೆಂಬುದನ್ನು ಚೆನ್ನಾಗಿ ಅರಿತಿದ್ದರು. ಏರಿಯನ್ನು ಕಾಯಲು, ತೂಬನ್ನು ಎತ್ತಿ ಇಳಿಸಲು ನೀರುಗಂಟಿಯನ್ನು ನೇಮಿಸಿದ ಹಳ್ಳಿಯೇ, ಬೆಟ್ಟದ ಇಳಿಜಾರನ್ನು ಉಳದೆ ದನಕುರಿಗಳ ಮೇವಿಗೂ ದೇವರ ಹೆಸರಿಗೂ ಬಿಟ್ಟಿತ್ತು. ಪಾಲಾರ್ ನದಿಯು ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ ಹುಟ್ಟಿ, ಈ ಜಿಲ್ಲೆಯ ಕೆರೆಗಳಿಗೆ ನೀರುಣಿಸುತ್ತ ಬೇತಮಂಗಲದ ಮೂಲಕ ಸಾಗಿ, ಆಂಧ್ರವನ್ನು ದಾಟಿ, ತಮಿಳುನಾಡಿನ ಕಡಲಿಗೆ ಸೇರುತ್ತದೆ. ಅದರ 348 ಕಿಲೋಮೀಟರುಗಳ ಪಯಣದಲ್ಲಿ 93 ಕಿಲೋಮೀಟರು ಮಾತ್ರ ಕರ್ನಾಟಕದ್ದು. ಮಾಲೂರಿನ ಪಡುವಲ ನೀರು ದಕ್ಷಿಣ ಪಿನಾಕಿನಿಗೆ, ಶ್ರೀನಿವಾಸಪುರದ ಉತ್ತರದ ನೀರು ಉತ್ತರ ಪಿನಾಕಿನಿಯ ಜಲಾನಯನಕ್ಕೆ ಹೋಗುತ್ತದೆ. ಹೀಗೆ ಮೂರು ನದಿಗಳಿಗೆ ನೀರನ್ನು ಹಂಚುವ ಎತ್ತರದ ನೆಲ ನಮ್ಮದು. ಇಲ್ಲಿಯ ಒಂದು ಗುಡ್ಡ ಬರಡಾದರೆ ಅದರ ನಷ್ಟ ಮೂರು ರಾಜ್ಯಗಳ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಈ ಕಾಡಿನ ಜೀವಸಂಪತ್ತು. ಮಲೆನಾಡಿನ ವೈಭವವನ್ನು ಕಂಡವರಿಗೆ ನಮ್ಮ ಕುರುಚಲು ಕಾಡು ಚೈತ್ರದಲ್ಲಿ ಒಣಗಿದ ಕಡ್ಡಿಗಳ ರಾಶಿಯಂತೆ ಕಾಣಬಹುದು. ಆದರೆ ಒಣಗುವುದು ಈ ಗಿಡಗಳ ಬಾಳಿನ ಒಂದು ಕ್ರಮ. ನೀರಿಲ್ಲದ ತಿಂಗಳುಗಳಲ್ಲಿ ಎಲೆಯನ್ನು ಕಳಚಿ ಜೀವವನ್ನು ಬೇರಿನಲ್ಲಿ ಕಾಯ್ದುಕೊಂಡು, ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುವ ವಿದ್ಯೆ ಅವುಗಳಿಗೆ ಕರಗತವಾಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸೀತಾಫಲ ಕಣ್ಣು ಬಿಡುತ್ತದೆ. ಬೆಟ್ಟದ ತಪ್ಪಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ರಸ್ತೆಯ ಬದಿಯಲ್ಲಿ ಮಾರುವ ಆ ಹಣ್ಣನ್ನು ಯಾರೂ ನೆಟ್ಟು ಬೆಳೆದದ್ದಲ್ಲ. ಎಲಚಿ, ಕಾರೆ, ನೇರಳೆ, ಹುಣಸೆಗಳು ಒಂದಾದ ಮೇಲೊಂದು ಹಣ್ಣಾಗಿ ಬಡವನಿಗೂ ಹಕ್ಕಿಗೂ ಸಮಾನವಾಗಿ ಒದಗುತ್ತವೆ. ಬಂಡೆಗಳ ಸಂದಿನಲ್ಲಿ ಚಿರತೆ ಉಂಟು, ಕರಡಿ ಉಂಟು. ಪೊದೆಗಳಲ್ಲಿ ಕಾಡುಹಂದಿ, ಮುಳ್ಳುಹಂದಿ, ಮೊಲ, ನರಿಗಳುಂಟು. ನವಿಲಿನ ಕೂಗು ಹೊಲದವರೆಗೆ ಕೇಳಿಬರುತ್ತದೆ. ನಂದಿಬೆಟ್ಟದಲ್ಲಿಯೂ, ನಮ್ಮ ಗಡಿಯಾಚೆ ಮದನಪಲ್ಲಿಯ ಬಳಿಯ ಹಾರ್ಸ್‌ಲಿ ಬೆಟ್ಟದಲ್ಲಿಯೂ ಕಾಣಸಿಗುವ ಹಳದಿ ಕೊರಳಿನ ಪಿಕಳಾರವು ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳ ಪೊದೆಗಾಡನ್ನು ಬಿಟ್ಟು ಬೇರೆಲ್ಲಿಯೂ ಬಾಳಲಾರದು. ಸೊಂಪಾದ ಕಾಡನ್ನು ಕೊಟ್ಟರೂ ಅದಕ್ಕೆ ಒಗ್ಗದು.

ಈ ಮಾತಿಗೆ ಸರ್ವೋತ್ಕೃಷ್ಟವಾದ ನಿದರ್ಶನ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯಲ್ಲಿದೆ. ಆ ಊರಿನ ಬಂಡೆಯ ಒಡಲಿನಲ್ಲಿರುವ ನೆಲಗವಿಯೊಂದರಲ್ಲಿ ಒಂದು ಜಾತಿಯ ಬಾವಲಿ ವಾಸಿಸುತ್ತದೆ. ಮೂಗಿನ ಮೇಲೆ ಎಲೆಯಾಕಾರದ ಚರ್ಮದ ಮಡಿಕೆಯುಳ್ಳ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ರಾಣಿ. 1994ರಲ್ಲಿ ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದರು. ವಿಜ್ಞಾನದ ಗ್ರಂಥಗಳಲ್ಲಿ ಇದು ಹಿಪ್ಪೊಸಿಡೆರಸ್ ಹೈಪೊಫೈಲಸ್. ಲೋಕದ ವ್ಯವಹಾರದಲ್ಲಿ ಕೋಲಾರದ ಎಲೆಮೂಗಿನ ಬಾವಲಿ. ಒಂದು ಕಾಲಕ್ಕೆ ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿಯೂ ಇದು ಇತ್ತು, ಈಗ ಅಲ್ಲಿಲ್ಲ. ಹನುಮನಹಳ್ಳಿಯ ಗವಿಯನ್ನು ಬಿಟ್ಟರೆ ಇಂದು ಭೂಮಂಡಲದಲ್ಲಿ ಇದು ಬದುಕಿರುವ ಮತ್ತೊಂದು ತಾಣ ಗೊತ್ತಿಲ್ಲ. ಇರುವ ಬಾವಲಿಗಳ ಸಂಖ್ಯೆ ಇನ್ನೂರರ ಒಳಗೆಂದು ಬಲ್ಲವರ ಅಂದಾಜು. 2016ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಈ ಬಾವಲಿಯ ದಿನಚರಿಯನ್ನು ಸ್ವಲ್ಪ ಗಮನಿಸಿರಿ. ಹಗಲೆಲ್ಲ ಗವಿಯ ಕತ್ತಲಲ್ಲಿ, ಹದವಾದ ತೇವ ಮತ್ತು ಹದವಾದ ಬೆಚ್ಚಗೆಯಲ್ಲಿ, ತನ್ನ ಕುಲದವರೊಡನೆಯೂ ಬೇರೆ ಜಾತಿಯ ಎಲೆಮೂಗಿನ ಬಾವಲಿಗಳೊಡನೆಯೂ ಛಾವಣಿಗೆ ತೂಗುಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಹೊರಬಿದ್ದು, ಮನುಷ್ಯರ ಕಿವಿಗೆ ಕೇಳಿಸದ ಸೂಕ್ಷ್ಮಸ್ವರವನ್ನು ಮೂಗಿನಿಂದ ಹೊರಡಿಸಿ, ಅದು ಬಂಡೆಗೋ ಗಿಡಕ್ಕೋ ಹುಳುವಿಗೋ ತಾಗಿ ಮರಳಿದ ಪ್ರತಿಧ್ವನಿಯಿಂದಲೇ ದಾರಿಯನ್ನೂ ಆಹಾರವನ್ನೂ ಅರಿಯುತ್ತದೆ. ರಾಗಿಯ ಹೊಲದ ಮೇಲೆ, ಟೊಮೆಟೊ ತೋಟದ ಮೇಲೆ, ಹುಣಸೆಮರದ ಸುತ್ತ ಇಂಥ ಬಾವಲಿಗಳು ಇರುಳೆಲ್ಲ ಹಿಡಿದು ತಿನ್ನುವ ಹುಳುಹುಪ್ಪಟೆಗಳು ರೈತನ ಪೈರಿಗೆ ಎರವಾಗತಕ್ಕವೇ. ಔಷಧಿ ಹೊಡೆಯದೆ ನಡೆಯುವ ಈ ಸೇವೆಗೆ ಕೂಲಿಯಿಲ್ಲ. ಗವಿಯ ಬಳಿ ಒಂದು ಸಿಡಿಮದ್ದು ಸಿಡಿದರೆ, ಒಳಗೆ ಒಂದು ದೀವಟಿಗೆಯ ಹೊಗೆ ತುಂಬಿದರೆ, ಅಥವಾ ಬಾಯಿ ಮುಚ್ಚಿ ಒಳಗಣ ತೇವ ಆರಿದರೆ, ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಒಂದು ಜೀವವಂಶ ಒಂದೇ ಋತುವಿನಲ್ಲಿ ನಿರ್ನಾಮವಾದೀತು. ಹುಲಿಗೆ ಹತ್ತು ಕಾಡುಗಳುಂಟು. ಈ ಪ್ರಾಣಿಗೆ ಒಂದೇ ಗವಿ.

ಇದನ್ನರಿತ ಅರಣ್ಯ ಇಲಾಖೆಯೂ, ಬಾವಲಿಗಳ ಸಂರಕ್ಷಣೆಗಾಗಿಯೇ ದುಡಿಯುವ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಎಂಬ ಸಂಸ್ಥೆಯೂ ಕೈಜೋಡಿಸಿ, ಅಲ್ಲಿ ನಡೆಯುತ್ತಿದ್ದ ಕಲ್ಲುಗಣಿಗಾರಿಕೆ ನಿಂತ ಮೇಲೆ, ಗವಿಯ ಸುತ್ತಣ ಸುಮಾರು 30 ಎಕರೆ ಸರ್ಕಾರಿ ಜಮೀನನ್ನು ಕಾಪಿಡುವ ವ್ಯವಸ್ಥೆ ಮಾಡಿವೆ; ಬಾವಲಿಯೆಂದರೆ ಅಪಶಕುನವೆಂದು ಅಂಜುತ್ತಿದ್ದ ಹಳ್ಳಿಗರಿಗೆ ಅದರ ಉಪಕಾರವನ್ನು ತಿಳಿಯಹೇಳುವ ಕೆಲಸವೂ ನಡೆದಿದೆ. ಗ್ರೀನ್‌ಲೆಂಡಿನ ಉದ್ಯಾನದೆದುರು ಈ ಮೂವತ್ತು ಎಕರೆ ಯಾವ ಗಣನೆಗೂ ಬಾರದು. ಆದರೆ ಒಂದು ಪ್ರಭೇದಕ್ಕೆ ಸಮಗ್ರ ಜಗತ್ತೇ ಆಗಿರುವ ನೆಲವನ್ನು ಉಳಿಸಿತೆಂಬ ದೃಷ್ಟಿಯಿಂದ ತೂಗಿ ನೋಡಿದರೆ, ಸಂರಕ್ಷಣೆಯ ಇತಿಹಾಸದಲ್ಲಿ ಹನುಮನಹಳ್ಳಿಯ ಹೆಸರು ಯಾವ ಮಹೋದ್ಯಾನದ ಹೆಸರಿಗೂ ಕೆಳಗಿನದಾಗದು. ಕಾಪಿಟ್ಟ ನೆಲದ ಬೆಲೆಯನ್ನು ಎಕರೆಗಳಿಂದ ಅಳೆಯಲಾಗದು. ಅದು ಹೋದರೆ ಮತ್ತೆಲ್ಲಿಯೂ ದೊರೆಯದುದು ಅಲ್ಲಿ ಏನಿದೆ ಎಂಬುದರಿಂದ ಅಳೆಯಬೇಕು.

ಇಂಥ ಬೆಟ್ಟಗಾಡಿಗೆ ನಮ್ಮಿಂದ ಆದ ಹಾನಿಯನ್ನು ಮರೆಮಾಚುವಂತಿಲ್ಲ. ಮೊದಲನೆಯದು ಗಣಿಗಾರಿಕೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಚಿನ್ನದ ಗಣಿಗೆ ಬರುವ ಮುನ್ನವೂ ಅನಂತರವೂ, ಸುರಂಗಗಳಿಗೆ ಆಸರೆ ಕೊಡುವ ಮರಮುಟ್ಟಿಗೂ ಒಲೆಗಳ ಸೌದೆಗೂ ಕಾಡು ಕರಗಿತು. ಆಮೇಲೆ ಕಟ್ಟಡದ ಕಲ್ಲಿಗೆ ಬೇಡಿಕೆ ಏರಿತು. ಬೆಟ್ಟಗಳೇ ಚಪ್ಪಡಿಗಳಾಗಿ, ಜಲ್ಲಿಯಾಗಿ, ಲಾರಿಗಳೇರಿ ಹೊರಟವು. ಕಲ್ಲು ಒಡೆಯುವವರ ಮೇಲೆ ದೋಷ ಹೊರಿಸುವುದು ನನ್ನ ಅಭಿಪ್ರಾಯವಲ್ಲ. ಉಳಿ ಸುತ್ತಿಗೆ ಹಿಡಿದು ಬಿಸಿಲಿನಲ್ಲಿ ಬೇಯುವ ಕಲ್ಲುಕುಟಿಗನಿಗೂ ಹೊಟ್ಟೆಯುಂಟು, ನಮ್ಮ ನಿಮ್ಮ ಮನೆಗಳ ತಳಪಾಯವೂ ಅವನ ಬೆವರಿನದೇ. ಯಾವ ಬೆಟ್ಟವನ್ನು ಒಡೆಯಬಹುದು, ಯಾವುದನ್ನು ಮುಟ್ಟಲಾಗದು ಎಂಬ ವಿವೇಚನೆಯನ್ನು ಮೊದಲೇ ಮಾಡದೆ ಪರವಾನಗಿಗಳನ್ನು ಕೊಟ್ಟುದೇ ಅನರ್ಥದ ಮೂಲ.

ಎರಡನೆಯದು ನೀಲಗಿರಿ. ಟಿಪ್ಪುಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ಅರಮನೆಯ ತೋಟಕ್ಕೆ ಬಂದ ಈ ಆಸ್ಟ್ರೇಲಿಯದ ಮರವು ಇಪ್ಪತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ಮಾಲೂರುಗಳ ಹೊಲಗದ್ದೆಗಳನ್ನೂ ಗೋಮಾಳಗಳನ್ನೂ ಆವರಿಸಿಕೊಂಡಿತು. ಮಳೆಯನ್ನು ನೆಚ್ಚಿ ಸೋತಿದ್ದ ರೈತನು, ಕಾವಲಿನ ಗೋಜಿಲ್ಲದೆ ಆರೇಳು ವರ್ಷಕ್ಕೊಮ್ಮೆ ಹಣ ತರುವ ಬೆಳೆಯೆಂದು ಅದನ್ನು ಬರಮಾಡಿಕೊಂಡದ್ದು ಸಹಜವೇ. ದೂರದಿಂದ ನೋಡಿದವರಿಗೆ ಅದು ಹಸಿರಾಗಿಯೇ ಕಂಡಿತು. ಆದರೆ ನೀಲಗಿರಿಯ ತೋಪಿನೊಳಗೆ ಹೊಕ್ಕು ನೋಡಿದರೆ ನೆಲದ ಮೇಲೆ ಹುಲ್ಲಿಲ್ಲ, ಪೊದೆಯಿಲ್ಲ, ಹಕ್ಕಿಯ ಗೂಡು ಅಪರೂಪ. ಎಲೆ ಕೊಳೆತು ಗೊಬ್ಬರವಾಗಲೂ ತಡ. ಬೇರು ನೆಲದ ನೀರನ್ನು ಹೀರುತ್ತದೆ. 2017ರಲ್ಲಿ ರಾಜ್ಯಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ, ಫ್ಲೋರೈಡ್ ಬೆರೆತ ನೀರು ಮಕ್ಕಳ ಹಲ್ಲನ್ನೂ ಮುದುಕರ ಕೀಲುಗಳನ್ನೂ ಕೆಡಿಸಿದ್ದಾಯಿತು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೊಳವೆಗಳಲ್ಲಿ ತಂದು ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬತ್ತಿದ ಕೆರೆಯಂಗಳದಲ್ಲಿ ಮತ್ತೆ ನೀರನ್ನು ಕಂಡವರ ಹರ್ಷವನ್ನು ನಾನು ಬಲ್ಲೆ. ಆದರೂ ನಗರವು ಬಳಸಿ ಬಿಟ್ಟ ನೀರನ್ನೇ ಎಂದೆಂದಿಗೂ ನೆಚ್ಚಿರುವುದಕ್ಕಿಂತ, ನಮ್ಮ ಬೆಟ್ಟಗಳೇ ಹಿಂದಿನಂತೆ ನೀರು ಕೊಡುವ ಹಾಗೆ ಅವುಗಳ ಹುಲ್ಲುಪೊದೆಗಳನ್ನು ಬೆಳೆಯಗೊಡುವುದು ಶಾಶ್ವತವಾದ ಉಪಾಯ.

ಮೂರನೆಯದು ಬೆಂಕಿ. ಮಾಘ ಫಾಲ್ಗುಣಗಳಲ್ಲಿ ಬಾದೆ ಹುಲ್ಲು ಒಣಗಿ ನಿಂತಾಗ, ಹೊಸ ಚಿಗುರು ಬರಲೆಂದೋ, ಅಜಾಗ್ರತೆಯಿಂದ ಎಸೆದ ಬೀಡಿಯಿಂದಲೋ ಹತ್ತಿದ ಕಿಡಿ ಇರುಳೊಂದರಲ್ಲಿ ಬೆಟ್ಟದ ಮಗ್ಗುಲನ್ನೇ ಕರಿದು ಮಾಡುತ್ತದೆ. ಮೊದಲ ಮಳೆಗೆ ಆ ಬೂದಿಯೂ ಸಡಿಲವಾದ ಮಣ್ಣೂ ಕೊಚ್ಚಿಬಂದು ಕೆರೆಯ ಹೂಳಾಗುತ್ತವೆ. ಕೆರೆಯ ಹೂಳೆತ್ತಲು ಹಣ ಸುರಿಯುವ ನಾವು ಹೂಳು ಬರುವ ದಾರಿಯನ್ನು ತಡೆಯದಿದ್ದರೆ ಆ ವ್ಯಯ ಪ್ರತಿ ವರ್ಷವೂ ಪುನರಾವರ್ತಿಸುವುದೇ ನಿಶ್ಚಯ.

ಈಗ ಹೆಚ್ಚು ಕಠಿಣವಾದ ವಿಷಯಕ್ಕೆ ಬರುತ್ತೇನೆ, ಅದು ಆನೆಗಳದು. ಸುಮಾರು ಎರಡು ಶತಮಾನಗಳ ಕಾಲ ಆನೆಯನ್ನು ಕಾಣದಿದ್ದ ಪಲಮನೇರು, ಕುಪ್ಪಂಗಳ ಕಾಡಿಗೆ, 1980ರ ದಶಕದಲ್ಲಿ, ಹೊಸೂರು ಆನೇಕಲ್ಲುಗಳ ಕಡೆಯ ಕಾಡುಗಳಿಂದ ಆನೆಯ ಹಿಂಡುಗಳು ಬರತೊಡಗಿದವು. ಆಂಧ್ರ ಸರ್ಕಾರವು 1990ರಲ್ಲಿ ಆ ಕಾಡನ್ನು ಕೌಂಡಿನ್ಯ ವನ್ಯಜೀವಿಧಾಮವೆಂದು ಘೋಷಿಸಿತು. ಅದರ ವಿಸ್ತೀರ್ಣ ಸುಮಾರು 357 ಚದರ ಕಿಲೋಮೀಟರು. ಆನೆಗೆ ರಾಜ್ಯಗಳ ಗಡಿ ತಿಳಿಯದಾದ್ದರಿಂದ, ಅವು ಬಂಗಾರಪೇಟೆಯ ಕಾಮಸಮುದ್ರ, ಮಾಲೂರಿನ ಟೇಕಲ್, ಮುಳಬಾಗಿಲಿನ ಗಡಿಹಳ್ಳಿಗಳಿಗೂ ಬರುವುದು ವಾಡಿಕೆಯಾಯಿತು. ರಾಗಿ ತೆನೆಗಟ್ಟುವ ಕಾಲದಲ್ಲಿ ಆ ಹಳ್ಳಿಗಳ ರೈತನು ಅಟ್ಟಣೆಯ ಮೇಲೆ ಕುಳಿತು, ತಮಟೆ ಬಡಿದು, ಪಟಾಕಿ ಹಚ್ಚಿ ರಾತ್ರಿಗಳನ್ನು ಕಳೆಯುತ್ತಾನೆ. ಒಂದು ವರ್ಷದ ಅನ್ನ ಒಂದು ಗಳಿಗೆಯಲ್ಲಿ ನೆಲಸಮವಾದುದನ್ನು ಕಂಡವರುಂಟು, ಪ್ರಾಣ ತೆತ್ತವರೂ ಉಂಟು. ವಿದ್ಯುತ್ತಿನ ತಂತಿಗೆ ತಗುಲಿ ಆನೆಗಳೂ ಸತ್ತಿವೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಭಾಗದ ಅರಣ್ಯವನ್ನೂ ಕಮ್ಮಸಂದ್ರ ವನ್ಯಜೀವಿಧಾಮವೆಂದು ಸರ್ಕಾರ ಸಾರಿದೆ. ಪ್ರಾಣಿಗೆ ಆಸರೆ ಕೊಡುವ ಕಾನೂನಿನ ಹಸ್ತವು ಬೆಳೆ ಕಳೆದುಕೊಂಡವನಿಗೆ ಪರಿಹಾರವನ್ನೂ ಅಷ್ಟೇ ತ್ವರೆಯಿಂದ ನೀಡದಿದ್ದರೆ, ಕಾಡಿನ ಅಂಚಿನಲ್ಲಿ ಬಾಳುವವನು ಕಾಡಿನ ವೈರಿಯಾಗುವುದನ್ನು ಯಾವ ಉಪನ್ಯಾಸವೂ ತಪ್ಪಿಸಲಾರದು.

ಇಲ್ಲಿ ಉತ್ತರದ ದೇಶಗಳಿಂದ ಕಲಿಯತಕ್ಕ ಪಾಠವೊಂದಿದೆ. ನಾನು ಆರಂಭದಲ್ಲಿ ಹೆಸರಿಸಿದ ಸಾರೆಕ್ ಪ್ರದೇಶವು ಮೇಲ್ನೋಟಕ್ಕೆ ನಿರ್ಜನ. ವಾಸ್ತವವಾಗಿ ಸಾಮಿ ಎಂಬ ಮೂಲನಿವಾಸಿಗಳು ತಮ್ಮ ಹಿಮಸಾರಂಗಗಳ ಹಿಂಡುಗಳನ್ನು ಋತುಮಾನಕ್ಕನುಗುಣವಾಗಿ ಅಲ್ಲಿ ಮೇಯಿಸುತ್ತ ಬಂದಿದ್ದಾರೆ. ಸಾರೆಕ್ ಸೇರಿದಂತೆ ಲಪೋನಿಯಾ ಎಂಬ ಆ ವಿಶಾಲ ಸೀಮೆಯನ್ನು 1996ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅದರ ಪ್ರಕೃತಿಯನ್ನು ಮಾತ್ರವಲ್ಲದೆ ಸಾಮಿ ಜನರ ಜೀವನಕ್ರಮವನ್ನೂ ಕೂಡಿಸಿಯೇ ಗೌರವಿಸಿತು. ಕಾಡಿನ ರಕ್ಷಣೆಗೂ ಕುರುಬನ ಬದುಕಿಗೂ ವಿರೋಧವಿರಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ರಾಯಲ್ಪಾಡಿನ ಗುಡ್ಡಗಳಲ್ಲಿ ಕುರಿ ಮೇಯಿಸುವವನಿಗೆ ಯಾವ ಸಂದಿನಲ್ಲಿ ನೀರು ಜಿನುಗುತ್ತದೆ, ಯಾವ ಗವಿಯಲ್ಲಿ ಕರಡಿ ಮರಿ ಹಾಕಿದೆ, ಎಲ್ಲಿ ಬೆಂಕಿ ಹತ್ತಿತು ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವನನ್ನು ಹೊರಗಟ್ಟಿ ಬೇಲಿ ಹಾಕುವ ಬದಲು ಅವನನ್ನೇ ಕಾವಲಿಗೆ ಸೇರಿಸಿಕೊಂಡರೆ ಇಲಾಖೆಯ ಕಣ್ಣುಗಳು ನೂರ್ಮಡಿಯಾದಾವು.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಕಾನೂನುಗಳು ನಮ್ಮಲ್ಲಿ ಇಲ್ಲದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, 2002ರ ಜೀವವೈವಿಧ್ಯ ಕಾಯ್ದೆ ಇದೆ. ಈ ಎರಡನೆಯದರ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ತನ್ನ ಎಲ್ಲೆಯೊಳಗಿನ ಗಿಡಮರ ಪಶುಪಕ್ಷಿಗಳ ದಾಖಲೆ ಬರೆದಿಡಬೇಕು. ನಮ್ಮ ನೆರೆಯ ದೇವನಹಳ್ಳಿಯ ಬಳಿಯ ನಲ್ಲೂರಿನಲ್ಲಿ 54 ಎಕರೆಯ ಹಳೆಯ ಹುಣಸೆತೋಪನ್ನು 2007ರಲ್ಲಿ ಈ ಕಾಯ್ದೆಯ ಮೂಲಕವೇ ಭಾರತದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು; 2021ರ ಆರಂಭದಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಯು ಅಂತರಗಂಗೆ ಬೆಟ್ಟವನ್ನೂ ಅಂಥ ತಾಣವನ್ನಾಗಿಸಲು ತೀರ್ಮಾನಿಸಿತು. ಒಂದು ತೋಪಿಗೆ, ಒಂದು ಬೆಟ್ಟಕ್ಕೆ, ಒಂದು ಗವಿಗೆ ಸಲ್ಲುವ ಈ ಮರ್ಯಾದೆಯು ಸಣ್ಣಸಣ್ಣ ತುಣುಕುಗಳಾಗಿ ಉಳಿದಿರುವ ನಮ್ಮ ಸೀಮೆಯ ಕಾಡಿಗೆ ತಕ್ಕುದಾದ ಉಪಾಯ.

ಆದುದರಿಂದ, ಇದನ್ನು ಕೇಳುತ್ತಿರುವ ಗ್ರಾಮಗಳ ಹಿರಿಯರಲ್ಲಿ ನನ್ನ ಅರಿಕೆ ಇಷ್ಟು: ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಕೆರೆಗೆ ಯಾವ ಗುಡ್ಡದಿಂದ ನೀರು ಬರುತ್ತದೆಂಬುದನ್ನು ಹೆಸರು ಹಿಡಿದು ದಾಖಲೆ ಮಾಡಿಸಿರಿ, ಆ ಗುಡ್ಡದಲ್ಲಿ ಕಲ್ಲು ಒಡೆಯಲು ಯಾರಾದರೂ ಅರ್ಜಿ ಹಾಕಿದರೆ ಕೆರೆಯ ಅಚ್ಚುಕಟ್ಟಿನ ರೈತರೆಲ್ಲರ ಅಭಿಪ್ರಾಯ ಪಡೆಯಬೇಕೆಂದು ನಿರ್ಣಯ ಮಾಡಿರಿ, ಬೇಸಗೆಗೆ ಮುನ್ನ ಹುಲ್ಲು ಕೊಯ್ದು ಬೆಂಕಿಯ ರೇಖೆ ಎಳೆಯಿರಿ. ಉಪಾಧ್ಯಾಯರಲ್ಲಿ ನನ್ನ ಅರಿಕೆ: ಮಕ್ಕಳಿಗೆ ಆಫ್ರಿಕದ ಸಿಂಹವನ್ನೂ ಧ್ರುವದ ಕರಡಿಯನ್ನೂ ತೋರಿಸುವ ಪಾಠದೊಡನೆ ಹನುಮನಹಳ್ಳಿಯ ಬಾವಲಿಯನ್ನೂ ಪರಿಚಯಿಸಿರಿ, ಜಗತ್ತಿನಲ್ಲಿ ತಮ್ಮ ತಾಲ್ಲೂಕಿನಲ್ಲಿ ಮಾತ್ರವೇ ಉಳಿದಿರುವ ಒಂದು ಜೀವ ಉಂಟೆಂಬ ಅರಿವು ಯಾವ ಬಾಲಕನ ಮನಸ್ಸನ್ನೂ ಎತ್ತರಿಸದೆ ಬಿಡದು. ಅಧಿಕಾರಸ್ಥಾನದಲ್ಲಿರುವವರಲ್ಲಿ ನನ್ನ ಅರಿಕೆ: ಆನೆಯಿಂದ ನೊಂದವನ ಪರಿಹಾರವನ್ನು ತಡಮಾಡಬೇಡಿರಿ, ಮೂರು ರಾಜ್ಯಗಳ ಅರಣ್ಯಾಧಿಕಾರಿಗಳು ಒಂದೇ ನಕ್ಷೆಯ ಸುತ್ತ ಕುಳಿತು ಕೆಲಸ ಮಾಡುವಂತೆ ಏರ್ಪಡಿಸಿರಿ.

ಉತ್ತರದ ದೇಶಗಳು ತಮ್ಮ ಮಹಾವನಗಳನ್ನು ಕಾಯುತ್ತಿರುವುದು ಅವುಗಳಿಗೆ ಭೂಷಣ. ಅವರಿಗೆ ವಿಸ್ತಾರವನ್ನು ಕೊಟ್ಟ ಪ್ರಕೃತಿ ನಮಗೆ ಒಂದೊಂದೇ ಬೆಟ್ಟವನ್ನೂ, ಆ ಬೆಟ್ಟಕ್ಕೆ ಒಂದೊಂದು ಕೆರೆಯನ್ನೂ, ಆ ಕೆರೆಗೆ ಒಂದೊಂದು ಊರನ್ನೂ ಒಪ್ಪಿಸಿದೆ. ಬಹಳವಿದ್ದವರು ಸ್ವಲ್ಪ ಕಳೆದುಕೊಂಡರೂ ಬಾಳಿಯಾರು; ನಮಗಾದರೋ ಕಳೆದುಕೊಳ್ಳಲು ಹೆಚ್ಚುವರಿಯಾದ ಒಂದು ಗುಡ್ಡವೂ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಇಂದು ನಿಂತಿರುವ ಬೆಟ್ಟಗಳಲ್ಲಿ ಒಂದೂ ಕಡಮೆಯಾಗದಂತೆ ನೋಡಿಕೊಳ್ಳುವುದು ನಮ್ಮ ತಲೆಮಾರಿನ ಕರ್ತವ್ಯವೆಂದು ನಾವು ಒಪ್ಪಿಕೊಂಡೆವಾದರೆ, ಆ ಕರ್ತವ್ಯವನ್ನು ನಡೆಸುವ ಶಕ್ತಿ ನಮ್ಮ ಪಂಚಾಯಿತಿಗಳಿಗೂ ಶಾಲೆಗಳಿಗೂ ಹಳ್ಳಿಗರಿಗೂ ಖಂಡಿತವಾಗಿ ಉಂಟೆಂಬುದು ನನ್ನ ದೃಢವಾದ ನಂಬಿಕೆ.